ಅಡ್ಡಿಲ್ಲೆ, ಹೋಪನ: ಓಡುವಾಗ ನಮ್ಮೊಡನೆ ನಾವೇ ಮಾತಾಡಿಕೊಳ್ಳುವ ಬಗೆ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಾನು ಓಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ಮೊದಲ ವರ್ಷ ಪೂರ್ತಿ ಒಂದೇ ಜಾಗದಲ್ಲಿ ನಿಂತುಬಿಡುತ್ತಿದ್ದೆ. ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಇಟ್ಟಿರುವ ಚಪಲ್ ಯುದ್ಧನೌಕೆಯ ಎದುರಿನಿಂದ ಹೊರಟು ಕೋಡಿಬಾಗದ ಕಡೆ ಹೋಗುವಾಗ, ಕಾಳಿ ನದಿ ಸಮುದ್ರ ಸೇರುವ ಜಾಗ ಇನ್ನೂ ದೂರದಲ್ಲಿ ಮಬ್ಬಾಗಿ ಕಾಣುತ್ತಿರುವಾಗಲೇ, ಒಳಗಿನಿಂದ ಒಂದು ದನಿ ಏಳುತ್ತಿತ್ತು: 'ಸಾಕು ಮಾರಾಯ್ತಿ, ಇದೆಲ್ಲ ನಿನಗೆ ಆಗುವಂಥದ್ದಲ್ಲ.' ಅಷ್ಟಕ್ಕೇ ಕಾಲು ನಿಲ್ಲುತ್ತಿತ್ತು. ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಉಸಿರು ಹದಕ್ಕೆ ಬರುತ್ತಿತ್ತು. ಅಂದರೆ ಕಾಲಿನಲ್ಲೂ ಎದೆಯಲ್ಲೂ ಇನ್ನೂ ತ್ರಾಣವಿತ್ತು. ನಾನು ಸೋತದ್ದು ಆ ಒಂದು ಮಾತಿಗೆ.

ಮಾತಿಗೆ ಸೋಲುತ್ತೇವೆ ಎಂದಾದರೆ ಮಾತನ್ನೇ ಹಿಡಿದು ಮುಂದಕ್ಕೆ ಹೋಗಲೂ ಬರಬೇಕಲ್ಲವೇ? ಬರುತ್ತದೆ. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ಆಂಥನಿ ಬ್ಲಾಂಚ್‌ಫೀಲ್ಡ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. 24 ಜನರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಜೋರಾಗಿ ತುಳಿಸಿದರು. ಆಮೇಲೆ ಅರ್ಧದಷ್ಟು ಜನಕ್ಕೆ ತಮಗೆ ತಾವೇ ಧೈರ್ಯ ಹೇಳಿಕೊಳ್ಳುವುದನ್ನು ಕಲಿಸಿ, ಎರಡು ವಾರ ರೂಢಿ ಮಾಡಿಸಿ, ಮತ್ತೆ ತುಳಿಸಿದರು. ಮಾತು ಕಲಿತವರು ಮೊದಲಿಗಿಂತ ಶೇ. 18ರಷ್ಟು ಹೆಚ್ಚು ಹೊತ್ತು ತುಳಿದರು. ಕಲಿಯದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಈ ವರದಿಯಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಇನ್ನೊಂದು ಸಂಗತಿ. ಅಷ್ಟೇ ಕೆಲಸ ಮಾಡುವಾಗ ಅವರಿಗಾಗುತ್ತಿದ್ದ ಆಯಾಸದ ಅನಿಸಿಕೆಯೇ ಕಡಿಮೆಯಾಗಿತ್ತು. ಕೆಲಸ ಅದೇ, ಕಾಲು ಅದೇ, ಭಾರ ಮಾತ್ರ ಹಗುರ.

ಕರಾವಳಿಯಲ್ಲೋ ಶಿರಸಿ ಕಡೆಯ ಏರಿಳಿತದಲ್ಲೋ ಓಡಲು ಹೊರಟವರಿಗೆ ಇದನ್ನು ಹೇಗೆ ರೂಢಿಸಿಕೊಳ್ಳಬೇಕು ಎಂಬುದನ್ನು ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಅವಸರ ಬೇಡ, ಮೂರು ನಾಲ್ಕು ವಾರ ಹಿಡಿಯುತ್ತದೆ.

ಮೊದಲು ಒಂದು ವಾರ ಸುಮ್ಮನೆ ಕೇಳಿಸಿಕೊಳ್ಳಿ

ಹೊಸ ಮಾತು ಹುಡುಕುವ ಮೊದಲು ಒಳಗೆ ಈಗಾಗಲೇ ಏನು ನಡೆಯುತ್ತಿದೆ ಎಂದು ತಿಳಿಯಬೇಕು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಓಡಿ ಬಂದು, ಬೆವರು ಆರುವ ಮುಂಚೆ, ಜಗುಲಿಯ ಮೇಲೆ ಕೂತು ಬರೆಯಿರಿ. ಸ್ನಾನ ಮಾಡಿ ತಿಂಡಿ ತಿಂದು ಕೂತರೆ ಮನಸ್ಸು ಎಲ್ಲವನ್ನೂ ಚೆಂದ ಮಾಡಿ ಹೇಳುತ್ತದೆ; ಆಗ ಬರೆದದ್ದು ಉಪಯೋಗಕ್ಕೆ ಬರುವುದಿಲ್ಲ. ಬಂದ ಮಾತನ್ನು ಬಂದ ಹಾಗೇ ಬರೆಯಿರಿ, ತಿದ್ದಬೇಡಿ. ಅದರ ಪಕ್ಕದಲ್ಲಿ, ಆ ಮಾತು ಎಲ್ಲಿ ಬಂತು ಎಂಬುದನ್ನೂ ಬರೆಯಿರಿ: ಎಷ್ಟನೇ ನಿಮಿಷ, ಯಾವ ಮರ, ಯಾವ ತಿರುವು.

ನನ್ನ ಮೊದಲ ವಾರದ ಪುಟದಲ್ಲಿ ಇದ್ದದ್ದು ಇಷ್ಟು. 'ಉಸಿರೇ ಸಿಗ್ತಿಲ್ಲ.' 'ಶುರುವಿನಲ್ಲೇ ಹೀಗಾದ್ರೆ ಮುಂದೇನು.' 'ನಿನ್ನೆಗಿಂತ ನಿಧಾನ.' 'ಇನ್ನೂ ಎಷ್ಟು ದೂರ.' 'ಎಲ್ಲರೂ ನೋಡ್ತಿದ್ದಾರೆ.' ಏಳು ದಿನದಲ್ಲಿ ಐದೇ ಮಾತು, ಅವೇ ತಿರುಗಿ ತಿರುಗಿ. ನೂರಾರು ಯೋಚನೆ ಕಾಡುತ್ತಿವೆ ಎಂದುಕೊಂಡಿದ್ದವಳಿಗೆ ಆ ಪುಟ ನೋಡಿ ನಿಜಕ್ಕೂ ಧೈರ್ಯ ಬಂತು. ಐದು ಮಾತಿಗೆ ಐದು ಉತ್ತರ ಸಿದ್ಧ ಮಾಡಿಕೊಂಡರೆ ಮುಗಿಯಿತು. ಜಾಗವೂ ಹೆಚ್ಚು ಕಡಿಮೆ ಅದೇ: ಒಂದು ಮೊದಲ ಐದು ನಿಮಿಷದಲ್ಲಿ, ಇನ್ನೊಂದು ಎರಡನೇ ಕಿಲೋಮೀಟರು ದಾಟಿದ ಮೇಲೆ.

ನನ್ನ ಜೊತೆ ಓಡಲು ಬರುವ ಪಕ್ಕದ ಮನೆಯ ಹುಡುಗಿಯ ಪುಟದಲ್ಲಿ ಮಾತ್ರ ಒಂದೇ ಸಾಲು ಏಳು ಸಲ ಇತ್ತು. ತೋರಿಸಲು ನಾಚಿಕೊಂಡಳು. ಆಮೇಲೆ ತಾನೇ ಹೇಳಿದಳು: 'ಎಲ್ಲಾರೂ ನೋಡ್ತಾರೆ ಅಕ್ಕಾ. ಅದೊಂದೇ ನಂಗೆ.' ಬೆಳಗಿನ ಹೊತ್ತು ವಾಕಿಂಗ್ ಬರುವವರ ನಡುವೆ ಓಡುವ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಅವಳಿಗೆ ದೂರದ ಚಿಂತೆಯೂ ಇರಲಿಲ್ಲ, ಉಸಿರಿನ ಚಿಂತೆಯೂ ಇರಲಿಲ್ಲ. ಹಾಗಾಗಿ ನನ್ನ ಐದು ಉತ್ತರ ಅವಳಿಗೆ ಕೊಟ್ಟಿದ್ದರೆ ಒಂದೂ ಕೆಲಸಕ್ಕೆ ಬರುತ್ತಿರಲಿಲ್ಲ. ಬೇರೆಯವರ ಪಟ್ಟಿಯನ್ನು ನಕಲು ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬರೆದದ್ದನ್ನು ಸೋಸಿ, ಉತ್ತರ ಕಟ್ಟಿ

ಈಗ ಒಂದೊಂದು ಮಾತನ್ನೂ ಎದುರಿಗೆ ಇಟ್ಟುಕೊಂಡು ಕೇಳಿ: ಇದು ನಿಜವೇ?

'ಶುರುವಿನಲ್ಲೇ ಹೀಗಾದ್ರೆ ಮುಂದೇನು' ಎಂಬುದು ಸುಳ್ಳು. ಓಡಲು ತೊಡಗಿದ ಕ್ಷಣದಿಂದಲೇ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ. ಹೃದಯ, ಶ್ವಾಸಕೋಶ ಆ ಬೇಡಿಕೆಯನ್ನು ಹಿಡಿಯಲು ಎರಡು ಮೂರು ನಿಮಿಷ ಬೇಕು. ಆ ನಡುವಿನ ಏದುಸಿರು ಎಲ್ಲರಿಗೂ ಬರುತ್ತದೆ, ವರ್ಷಗಟ್ಟಲೆ ಓಡಿದವರಿಗೂ. ಅದನ್ನು ಆ ದಿನದ ತೀರ್ಪು ಎಂದು ತಿಳಿಯುವುದೇ ತಪ್ಪು. ಹಾಗಾಗಿ ಉತ್ತರ: 'ಇನ್ನೂ ಹತ್ತು ನಿಮಿಷ ಆಗಲಿ, ಆಮೇಲೆ ಕೇಳು.'

'ಉಸಿರೇ ಸಿಗ್ತಿಲ್ಲ' ಅರ್ಧ ನಿಜ. ಅರ್ಧ ನಿಜಕ್ಕೆ ಧೈರ್ಯ ಹೇಳಿದರೆ ಸಾಲದು, ಕೆಲಸ ಹೇಳಬೇಕು. 'ನಿಧಾನ ಮಾಡು, ಉಸಿರು ಪೂರ್ತಿ ಹೊರಗೆ ಬಿಡು.' 'ಇನ್ನೂ ಎಷ್ಟು ದೂರ' ಎಂಬುದು ಪೂರ್ತಿ ನಿಜ, ಆದರೆ ಈ ಹೆಜ್ಜೆಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಉತ್ತರ: 'ಆ ಗಾಳಿಮರದ ತನಕ.' 'ನಿನ್ನೆಗಿಂತ ನಿಧಾನ' ನಿಜವಿದ್ದರೂ ಕಾರಣ ಸೇರಿಸಿದರೆ ಅದರ ಹಲ್ಲು ಉದುರುತ್ತದೆ: 'ಇವತ್ತು ಸೆಕೆ ಜಾಸ್ತಿ, ಈ ವೇಗವೇ ಸರಿ.' ಪಕ್ಕದ ಮನೆಯ ಹುಡುಗಿ ತನ್ನ ಮಾತಿಗೆ ತಾನೇ ಕಟ್ಟಿಕೊಂಡ ಉತ್ತರ ಕೊಂಕಣಿಯಲ್ಲಿದೆ. ಮನೆಯಲ್ಲಿ ಅವಳ ಅಮ್ಮ ಆಡುವ ಮಾತಂತೆ. ಅದನ್ನು ನನಗೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಇಲ್ಲಿ ಒಂದು ಎಚ್ಚರ ಬೇಕು. 'ನಾನು ಬಲಶಾಲಿ', 'ನನ್ನನ್ನು ಯಾರೂ ತಡೆಯಲಾರರು' ಎಂಬಂಥ ಹೊಗಳಿಕೆಯನ್ನು ಬಾಯಿಪಾಠ ಮಾಡಿಕೊಂಡು ಬರುವವರಿದ್ದಾರೆ. ನಂಬಿಕೆ ಇದ್ದವರಿಗೆ ಅದು ಕೆಲಸ ಮಾಡೀತು. ಆದರೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇರುವವರು ಇಂಥ ಹೊಗಳಿಕೆಯನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಅದು ಸಹಜವೇ. ಏದುಸಿರು ಬಿಡುತ್ತಾ 'ನನಗೆ ಆಯಾಸವೇ ಇಲ್ಲ' ಎಂದರೆ ಒಳಗಿನ ದನಿ ತಕ್ಷಣ ತಿರುಗಿ ಬೀಳುತ್ತದೆ. 'ಆಯಾಸ ಇದೆ, ಆದರೂ ಆ ಮರದ ತನಕ ಆಗುತ್ತದೆ' ಎಂದು ನೋಡಿ. ಅದರ ಮೇಲೆ ಜಗಳ ತೆಗೆಯಲು ಅದಕ್ಕೆ ಜಾಗವೇ ಇರುವುದಿಲ್ಲ. ನಂಬಲು ಆಗುವ ಮಾತನ್ನೇ ಆರಿಸಿ.

ಯಾರ ದನಿಯಲ್ಲಿ ಹೇಳಿಕೊಳ್ಳುವುದು?

ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನನ್ನ ಊರು ಶಿರಸಿಯ ಹತ್ತಿರದ ಒಂದು ಹಳ್ಳಿ. ಚಿಕ್ಕವಳಿದ್ದಾಗ ಆಯಿಯ, ಅಂದರೆ ತಾಯಿಯ, ಜೊತೆ ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಿದ್ದೆ. ಸೊಪ್ಪು ಹೊತ್ತು ಕೊಟ್ಟಿಗೆಗೆ ಬರುವ ದಾರಿಯ ನಡುವೆ ಒಂದು ಏರು. ಆಯಿಯ ತಲೆಯ ಮೇಲೆ ದೊಡ್ಡ ಹೊರೆ, ನನ್ನದರ ಮೇಲೆ ಸಣ್ಣದು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಕುತ್ತಿಗೆ ಸೋತು, ಸೊಪ್ಪಿನ ತೊಟ್ಟು ಕಿವಿಯ ಮೇಲೆ ಚುಚ್ಚಿ, ಬೆವರಿಗೆ ಇರುವೆ ಹತ್ತಿ, ನಾನು ಅಳುವ ಹಾಗೆ ಆಗುತ್ತಿದ್ದೆ. ಆಯಿ ಹಿಂತಿರುಗಿ ನೋಡುತ್ತಿರಲಿಲ್ಲ, ಹೊರೆ ಹೊತ್ತವರಿಗೆ ಕುತ್ತಿಗೆ ತಿರುಗಿಸಲು ಬರುವುದಿಲ್ಲವಲ್ಲ. ಮುಂದೆ ನೋಡುತ್ತಲೇ ಹೇಳುತ್ತಿದ್ದಳು: 'ಅಡ್ಡಿಲ್ಲೆ ಕೂಸೇ. ಆ ಮತ್ತಿಮರದ ತನಕ ಹೋಪನ.' ಮತ್ತಿಮರ ಬಂದ ಮೇಲೆ ಇನ್ನೊಂದು ಗುರುತು ಹೇಳುತ್ತಿದ್ದಳು. ಒಂದು ದಿನವೂ 'ನೀನು ಗಟ್ಟಿಗಿತ್ತಿ' ಎನ್ನಲಿಲ್ಲ, 'ಇಷ್ಟಕ್ಕೆಲ್ಲ ಅಳುತ್ತೀಯಾ' ಎಂದೂ ಅನ್ನಲಿಲ್ಲ.

ಟ್ಯಾಗೋರ್ ತೀರದಲ್ಲಿ ಒಂದು ಬೆಳಗ್ಗೆ, ನಿಂತುಬಿಡುವ ಆ ಜಾಗದಲ್ಲಿ, ಯಾವ ಯೋಚನೆಯೂ ಇಲ್ಲದೆ ಆ ಮಾತು ನನ್ನ ಬಾಯಿಗೆ ಬಂತು. 'ಅಡ್ಡಿಲ್ಲೆ ಕೂಸೇ.' ಮೂವತ್ತು ವರ್ಷದ ಮೇಲೆ ನನ್ನನ್ನು ನಾನೇ ಕೂಸು ಎಂದು ಕರೆದಿದ್ದೆ. ಅಂದು ನಿಲ್ಲಲಿಲ್ಲ.

ಆಮೇಲೆ ಓದುತ್ತಾ ಹೋದಂತೆ ಆಯಿಯ ಆ ಎರಡು ವಾಕ್ಯದಲ್ಲಿ ಎಷ್ಟೆಲ್ಲ ಇದೆ ಎಂದು ತಿಳಿಯಿತು. ಒಂದು, ಅದು 'ನಾನು' ಎನ್ನುವುದಿಲ್ಲ; ಎದುರಿನವರನ್ನು ಕರೆಯುತ್ತದೆ. ಬ್ಯಾಂಗರ್‌ನ ಸಂಶೋಧಕರೇ 2019ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ 16 ಜನ 10 ಕಿಲೋಮೀಟರು ಸೈಕಲ್ ತುಳಿದರು, ಒಮ್ಮೆ 'ನಾನು ಮಾಡಬಲ್ಲೆ' ಎಂಬ ಧಾಟಿಯಲ್ಲಿ, ಇನ್ನೊಮ್ಮೆ 'ನೀನು ಮಾಡಬಲ್ಲೆ' ಎಂಬ ಧಾಟಿಯಲ್ಲಿ ಹೇಳಿಕೊಳ್ಳುತ್ತಾ. 'ನೀನು' ಎಂದಾಗ ಸುಮಾರು ಶೇ. 2ರಷ್ಟು ಬೇಗ ಮುಗಿಸಿದರು, ಹೆಚ್ಚು ಆಯಾಸವಾಯಿತು ಎಂದೂ ಹೇಳಲಿಲ್ಲ. ನಮ್ಮನ್ನು ನಾವು ಬೇರೆಯವರಂತೆ ಕರೆದಾಗ ಆ ಕಷ್ಟದಿಂದ ಒಂದು ಗೇಣು ದೂರ ನಿಂತು ನೋಡಲು ಬರುತ್ತದೆ. ಎರಡು, ಅಲ್ಲಿ ಕಣ್ಣಿಗೆ ಕಾಣುವ ಒಂದು ಗುರುತಿದೆ. ಮೂರು, 'ಹೋಪನ' ಎಂದರೆ 'ಹೋಗೋಣ'. ಹೋಗು ಎಂದು ತಳ್ಳುವ ಮಾತಲ್ಲ, ಜೊತೆಗೆ ಇದ್ದೇನೆ ಎನ್ನುವ ಮಾತು.

ನಿಮ್ಮ ಮನೆಯಲ್ಲಿ ನಿಮಗೆ ಹೀಗೆ ಹೇಳುತ್ತಿದ್ದವರು ಯಾರು? ಅಜ್ಜನೋ, ಮಾವನೋ, ಶಾಲೆಯ ಅಕ್ಕೋರೋ? ಅವರು ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ಆ ಹೆಸರಿನಲ್ಲೇ ಕರೆದುಕೊಳ್ಳಿ. ತಮಾ, ಅಪ್ಪಿ, ಕೂಸೇ, ಮಗಾ, ಏನಾದರೂ ಸರಿ. ಮನೆಯ ಭಾಷೆಯಲ್ಲೇ ಹೇಳಿಕೊಳ್ಳಿ, ಹವ್ಯಕ ಭಾಷೆಯಾಗಲಿ, ಕೊಂಕಣಿಯಾಗಲಿ, ನಾಮಧಾರಿಗಳ ಮಾತಾಗಲಿ, ಹಾಲಕ್ಕಿಗಳ ಮಾತಾಗಲಿ. ಫೋನಿನಲ್ಲಿ ಕೇಳಿದ ಇಂಗ್ಲಿಷ್ ಘೋಷವಾಕ್ಯ ಮೊದಲ ಕಿಲೋಮೀಟರಿನಲ್ಲಿ ಚೆನ್ನಾಗಿಯೇ ಇರುತ್ತದೆ. ಸುಸ್ತಾದ ಮೇಲೆ ಅದು ನಾಲಿಗೆಗೆ ಬರುವುದಿಲ್ಲ. ಬಿದ್ದಾಗ, ಬೆಚ್ಚಿದಾಗ ಯಾವ ಭಾಷೆ ಬಾಯಿಂದ ಬರುತ್ತದೋ ಅದೇ ನಾಲ್ಕನೇ ಕಿಲೋಮೀಟರಿಗೂ ಬೇಕಾದ ಭಾಷೆ.

ಬೈಯುವ ದನಿಯನ್ನು ಮಾತ್ರ ಆರಿಸಬೇಡಿ. 'ಬೈದರೇ ನನಗೆ ಹುರುಪು' ಎನ್ನುವವರನ್ನು ನೋಡಿದ್ದೇನೆ. ಒಂದೆರಡು ದಿನ ಅದು ಓಡಿಸುತ್ತದೆ. ಆಮೇಲೆ ಬೆಳಗ್ಗೆ ಏಳುವುದೇ ಬೇಡವಾಗುತ್ತದೆ, ಏಕೆಂದರೆ ಓಟ ಎಂದರೆ ಬೈಗುಳ ಕೇಳಲು ಹೋಗುವ ಜಾಗ ಎಂದು ಮನಸ್ಸು ತಿಳಿದುಬಿಟ್ಟಿರುತ್ತದೆ.

ಹೆಜ್ಜೆಗೆ ಕೂರುವ ಹಾಗೆ ಮಾಡಿ

ಮಳೆಗಾಲ ಮುಗಿದ ಮೇಲೆ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನಿಂತು ನೋಡಿ. ಬಲೆಯ ಎರಡು ಕೊನೆಯ ಹಗ್ಗ ದಡದಲ್ಲಿ, ಎರಡು ಸಾಲು ಜನ, ಹಿಮ್ಮಡಿ ಮರಳಿನಲ್ಲಿ ಹೂತಿದೆ. ಒಬ್ಬರು ಕೂಗುತ್ತಾರೆ, ಉಳಿದವರು 'ಐಸಾ' ಎಂದು ಓಗೊಡುತ್ತಾರೆ. ಓಗೊಡುವಾಗ ಎಲ್ಲ ಬೆನ್ನೂ ಒಮ್ಮೆಗೇ ಹಿಂದಕ್ಕೆ ಬಾಗುತ್ತದೆ. ಕೂಗು ನಿಂತಾಗ ಹಗ್ಗ ಕೈಯಲ್ಲೇ ಇರುತ್ತದೆ, ಬೆನ್ನು ಮಾತ್ರ ಸಡಿಲ. ಮತ್ತೆ ಕೂಗು. ಮಾತು ಒಂದು ಹಿಡಿಯಷ್ಟು ಚಿಕ್ಕದು, ಅದರ ನಡುವೆ ಬಿಡುವು ಇದೆ.

ಓಟದ ಮಾತಿಗೂ ಈ ಎರಡು ಗುಣ ಬೇಕು. ಉದ್ದ ವಾಕ್ಯ ಉಸಿರಿಗೆ ಅಡ್ಡ ಬರುತ್ತದೆ. ನನ್ನದು 'ಅಡ್-ಡಿಲ್-ಲೆ, ಹೋ-ಪ-ನ': ಮೂರು ಹೆಜ್ಜೆಗೆ ಉಸಿರು ಒಳಗೆ, ಮೂರು ಹೆಜ್ಜೆಗೆ ಹೊರಗೆ. ಹೀಗೆ ಕೂರಿಸಿಕೊಂಡರೆ ಅದೊಂದು ಅಳತೆಗೋಲೂ ಆಗುತ್ತದೆ. ಆರಾಮದ ಓಟದಲ್ಲಿ ಮೂರು ಹೆಜ್ಜೆಗೆ ಉಸಿರು ಸಾಕಾಗದೆ ಎರಡಕ್ಕೇ ಮುಗಿಯುತ್ತಿದೆ ಎಂದರೆ ಆ ದಿನಕ್ಕೆ ನೀವು ಜೋರಾಗಿ ಹೋಗುತ್ತಿದ್ದೀರಿ. ಬೇಕೆಂದೇ ಜೋರಾಗಿ ಓಡುವ ದಿನ ಎರಡು ಅಕ್ಷರದ ಮಾತು ಇಟ್ಟುಕೊಳ್ಳಿ: 'ಬಾ-ರೇ', 'ಓ-ಡು'. ಇಡೀ ಹೊತ್ತು ಹೇಳುತ್ತಲೇ ಇರಬೇಡಿ. ಹತ್ತು ಹನ್ನೆರಡು ಉಸಿರು ಹೇಳಿ, ಬಿಡಿ. ಕಡಲು ಕೇಳಿಸಲಿ. ಮತ್ತೆ ಬೇಕಾದಾಗ ಕರೆಯಿರಿ.

ಮಾತು ಬಾರದ ದಿನಕ್ಕೆ ಎಣಿಕೆ ಇದೆ. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ಪೌಲಾ ರಾಡ್‌ಕ್ಲಿಫ್ ಓಡುವಾಗ ನೂರರವರೆಗೆ ಎಣಿಸುತ್ತಿದ್ದರು. ಮೂರು ಸಲ ನೂರು ಎಣಿಸಿದರೆ ಹೆಚ್ಚು ಕಡಿಮೆ ಒಂದು ಮೈಲಿ. ನಾನೂ ಎಣಿಸುತ್ತೇನೆ, ಆದರೆ ಅಂಗಳದಲ್ಲಿ ಅಜ್ಜ ಭತ್ತ ಅಳೆಯುತ್ತಿದ್ದ ಹಾಗೆ. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನಬೇಕು. ಲಾಭ, ಎರಡು, ಮೂರು. ನೂರು ಮುಗಿದು ಮತ್ತೆ 'ಲಾಭ' ಎಂದು ತೊಡಗುವಾಗ ಪ್ರತಿ ಸಲವೂ ಮುಖದ ಬಿಗುವು ತಾನೇ ಸಡಿಲುತ್ತದೆ.

ಮುಖದ ಮಾತು ಬಂತು, ಆದ್ದರಿಂದ ಇದೂ ಇರಲಿ: ಮಾತಿನ ಜೊತೆಗೆ ಹುಬ್ಬು, ದವಡೆ, ಮುಷ್ಟಿ ಸಡಿಲ ಮಾಡಿ. ಹಲ್ಲು ಕಚ್ಚಿಕೊಂಡು 'ಅಡ್ಡಿಲ್ಲ' ಎಂದರೆ ಮೈ ನಂಬುವುದಿಲ್ಲ.

ಮಾತನ್ನು ಜಾಗಕ್ಕೆ ಕಟ್ಟಿಹಾಕಿ

ಕಷ್ಟ ಬಂದ ಮೇಲೆ ಯಾವ ಮಾತು ಹೇಳಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಮೊದಲೇ ನಿಶ್ಚಯ ಮಾಡಿರಬೇಕು: ಇಂಥದ್ದು ಬಂದರೆ ಇಂಥ ಮಾತು. ನೋಟ್‌ಬುಕ್‌ನಲ್ಲಿ ಬರೆದ ಜಾಗಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ನನ್ನ ದಾರಿಯಲ್ಲಿ ಮೂರು ಕಡೆ ಮಾತಿದೆ. ಯುದ್ಧನೌಕೆ ಬಿಟ್ಟು ಹೊರಟ ಕೂಡಲೇ 'ಹತ್ತು ನಿಮಿಷ ಆಗಲಿ'. ಎರಡನೇ ಕಿಲೋಮೀಟರಿನ ಗಾಳಿಮರಗಳ ಸಾಲಿನಲ್ಲಿ 'ಅಡ್ಡಿಲ್ಲೆ, ಹೋಪನ'. ತಿರುಗಿ ಬರುವಾಗ, ಕಡಲಲ್ಲಿ ಕೂರ್ಮಗಡ ದ್ವೀಪ ಬೆಳಕಿಗೆ ಬಂದಿರುತ್ತದೆ, ಆಗ ಧೈರ್ಯದ ಮಾತು ಬೇಡ, ಕೆಲಸದ ಮಾತು ಸಾಕು: 'ಭುಜ ಇಳಿಸು, ಹೆಜ್ಜೆ ಚಿಕ್ಕದು ಮಾಡು.' ಗುರುತುಗಳನ್ನು ದಡದ ಮೇಲಿನ ಮರ, ಕಂಬ, ಕಟ್ಟೆಗಳಲ್ಲಿ ಇಟ್ಟುಕೊಳ್ಳಿ. ಮರಳಿನ ಮೇಲೆ ಇಟ್ಟ ಗುರುತು ಉಳಿಯುವುದಿಲ್ಲ, ಓಡಲು ಬರುವ ಗಟ್ಟಿ ಹಸಿ ಮರಳು ಸಿಗುವುದು ನೀರು ಇಳಿದಾಗ, ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಳಿತದ ಹೊತ್ತು ನೋಡಿಕೊಂಡು ಹೊರಟರೆ ಅರ್ಧ ಬೇಸರ ಹೊರಡುವ ಮೊದಲೇ ತಪ್ಪುತ್ತದೆ.

ಕಾಳಿ ಸೇತುವೆಯ ಮೇಲೆ ಓಡುವುದು ಒಂದು ಕಾಲದಲ್ಲಿ ನನಗೆ ಬಹಳ ಇಷ್ಟದ ಕೆಲಸವಾಗಿತ್ತು, ಒಂದು ಕಡೆ ಸದಾಶಿವಗಡದ ಗುಡ್ಡ, ಕೆಳಗೆ ನದಿ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಮೇಲೆ ಅತ್ತ ಹೋಗುವುದನ್ನು ಬಿಟ್ಟಿದ್ದೇನೆ. ಹೆದ್ದಾರಿಯ ವಾಹನಗಳ ನಡುವೆ ಕಿವಿ ಹೊರಗೆ ಇರಬೇಕು. ಒಳಗಿನ ಮಾತಿಗೆ ಕಿವಿ ಕೊಟ್ಟು ಓಡುವ ಜಾಗ ಅದಲ್ಲ. ಇದನ್ನು ರೂಢಿ ಮಾಡಲು ವಾಹನ ಬಾರದ ದಾರಿಯನ್ನೇ ಹಿಡಿಯಿರಿ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಏರು ಇದೆ. ಏರಿನಲ್ಲಿ ತುದಿ ನೋಡಬೇಡಿ. ಎರಡು ವಿದ್ಯುತ್ ಕಂಬದ ನಡುವಿನ ದೂರ ಒಂದು ಮಾತಿಗೆ ಹಿಡಿಸುತ್ತದೆ: ಈ ಕಂಬದಿಂದ ಆ ಕಂಬಕ್ಕೆ 'ಚಿಕ್ಕ ಹೆಜ್ಜೆ, ಚಿಕ್ಕ ಹೆಜ್ಜೆ'. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುವ ಕಾಡುದಾರಿಯಲ್ಲಿ ನಿಂತು ಸುಧಾರಿಸಿಕೊಳ್ಳಲೂ ಬರುವುದಿಲ್ಲ, ಅಲ್ಲಿ ನಿಲ್ಲದ ಹಾಗೆ ನಿಧಾನಕ್ಕೆ ಓಡುವುದನ್ನು ಕಲಿತವರು ಬೇಸಿಗೆಯಲ್ಲಿ ಬಹಳ ಚೆನ್ನಾಗಿ ಓಡುತ್ತಾರೆ.

ಎರಡು ವಾರ ರೂಢಿ

ಮೊದಲ ವಾರ ಆರಾಮದ ಓಟದಲ್ಲಿ ಮಾತ್ರ, ಬಾಯಿ ಬಿಟ್ಟು, ಕಿವಿಗೆ ಬೀಳುವ ಹಾಗೆ ಹೇಳಿ. ಅಲೆಯ ಸದ್ದಿನಲ್ಲಿ ಯಾರಿಗೂ ಕೇಳಿಸದು. ಎರಡನೇ ವಾರ ಒಳಗೇ ಹೇಳಿಕೊಳ್ಳಿ, ವಾರದಲ್ಲಿ ಒಂದು ದಿನ ಸ್ವಲ್ಪ ಜೋರಾದ ಓಟದಲ್ಲಿ ಪರೀಕ್ಷಿಸಿ. ಯಾವ ಮಾತು ತಾನಾಗಿ ಬಂತು, ಯಾವುದನ್ನು ನೆನಪಿಸಿಕೊಳ್ಳಬೇಕಾಯಿತು ಎಂದು ಬರೆದಿಡಿ. ನೆನಪಿಸಿಕೊಳ್ಳಬೇಕಾದದ್ದನ್ನು ಕೈಬಿಡಿ, ಎಷ್ಟೇ ಚೆಂದವಿದ್ದರೂ. ಕೊನೆಗೆ ಎರಡೋ ಮೂರೋ ಉಳಿದರೆ ಧಾರಾಳವಾಯಿತು. ಸ್ಪರ್ಧೆಯ ದಿನ ಹೊಸ ಮಾತು ಬೇಡ, ಹೊಸ ಬೂಟು ಬೇಡ ಎನ್ನುವ ಹಾಗೆಯೇ.

ಮಾತು ಎಲ್ಲಿ ನಿಲ್ಲಬೇಕು

ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಏಪ್ರಿಲ್‌ನಲ್ಲಿ ತಡವಾಗಿ ಎದ್ದು, ಎಂಟೂವರೆಯ ಬಿಸಿಲಿಗೆ ಹೊರಟೆ. ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನಾಲ್ಕನೇ ಕಿಲೋಮೀಟರಿನಲ್ಲಿ ಆ ಬಿಸಿಲಲ್ಲಿ ನನ್ನ ತೋಳಿನ ಮೇಲೆ ರೋಮ ಎದ್ದು ನಿಂತಿತು, ಚಳಿಯಾದ ಹಾಗೆ. ತಲೆ ಹಗುರಾಯಿತು. ನಾನು 'ಅಡ್ಡಿಲ್ಲೆ, ಅಡ್ಡಿಲ್ಲೆ' ಎನ್ನುತ್ತಲೇ ಓಡಿದೆ. ಸ್ವಲ್ಪ ದೂರ ಹೋಗಿ ಮರಳಿನ ಮೇಲೆ ಕುಸಿದು ಕೂತೆ. ಬಲೆ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನೆರಳಿಗೆ ಕರೆದುಕೊಂಡು ಹೋಗಿ, ತಲೆಗೂ ಕುತ್ತಿಗೆಗೂ ನೀರು ಹಾಕಿ, 'ತಂಗೀ, ಇಷ್ಟ್ ಹೊತ್ತಿಗೆ ನಾವೇ ಬಿಸ್ಲಿಗೆ ಇಳಿಯೂದಿಲ್ಲ' ಎಂದರು. ಆ ದಿನ ಅಡ್ಡಿ ಇತ್ತು. ಇಲ್ಲ ಎಂದು ನಾನು ಸುಳ್ಳು ಹೇಳಿಕೊಂಡಿದ್ದೆ.

ಹಾಗಾಗಿ ಹೊರಡುವ ಮೊದಲೇ ಇದನ್ನು ನಿಶ್ಚಯ ಮಾಡಿಕೊಳ್ಳಿ. ಕಾಲು ಭಾರ, ಏದುಸಿರು, ಬೇಸರ, ಇವಕ್ಕೆ ಧೈರ್ಯದ ಮಾತು. ಎದೆ ನೋವು ಅಥವಾ ಎದೆ ಹಿಂಡಿದಂತಾಗುವುದು, ತಲೆ ಸುತ್ತು, ಸೆಕೆಯಲ್ಲಿ ಚಳಿ, ಗಲಿಬಿಲಿ, ಒಂದೇ ಜಾಗದಲ್ಲಿ ಚುಚ್ಚುತ್ತಾ ಹೆಜ್ಜೆ ಹೆಜ್ಜೆಗೂ ಏರುವ ನೋವು, ಕುಂಟು, ಇವಕ್ಕೆ ಒಂದೇ ಮಾತು: 'ನಿಲ್ಲು.' ಎದೆ ನೋವಾಗಲಿ ಗಲಿಬಿಲಿಯಾಗಲಿ ಕಂಡರೆ ನಿಂತ ಮೇಲೆ ಸರಿಹೋಯಿತು ಎಂದು ಸುಮ್ಮನಾಗಬೇಡಿ, ವೈದ್ಯರಲ್ಲಿಗೆ ಹೋಗಿ. 'ನಿಲ್ಲು' ಎಂಬುದನ್ನೂ ಅದೇ ಪ್ರೀತಿಯ ದನಿಯಲ್ಲಿ ರೂಢಿ ಮಾಡಿ. ಆಯಿ ಕೂಡ ಜ್ವರ ಬಂದ ದಿನ ನನ್ನ ತಲೆಯ ಮೇಲೆ ಹೊರೆ ಇಡುತ್ತಿರಲಿಲ್ಲ.

ಇದರ ಬಲ ಎಷ್ಟೆಂದು ತಿಳಿದಿರುವುದೂ ಒಳ್ಳೆಯದು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಾತ್ರಿಯಿಡೀ 60 ಮೈಲಿ ಓಡುವವರಿಗೆ ಈ ಕ್ರಮ ಕಲಿಸಿದಾಗ ಅವರು ಮುಗಿಸಿದ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಕಲಿತವರಲ್ಲಿ ಬಹಳ ಜನ ಅದು ಉಪಯೋಗಕ್ಕೆ ಬಂತು ಎಂದರು, ಆಮೇಲೂ ಬಿಡಲಿಲ್ಲ. ಗಡಿಯಾರ ನೋಡಿ ಇದರ ಬೆಲೆ ಕಟ್ಟಬೇಡಿ. ನಾಳೆ ಬೆಳಗ್ಗೆ ಮತ್ತೆ ಹೊರಡಲು ಮನಸ್ಸು ಬರುತ್ತದೆಯೇ ಎಂದು ನೋಡಿ.

ನಿಂತ ದಿನ

ಎಲ್ಲ ಮಾಡಿದರೂ ಕೆಲವು ದಿನ ನಿಲ್ಲುತ್ತೇವೆ. ಆಗ ಮನೆಗೆ ನಡೆದು ಬರುವ ಹತ್ತು ನಿಮಿಷದಲ್ಲಿ ಆಡಿಕೊಳ್ಳುವ ಮಾತು ಓಡುವಾಗಿನ ಮಾತಿಗಿಂತ ಮುಖ್ಯ, ಮುಂದಿನ ಓಟ ಅಲ್ಲೇ ತೀರ್ಮಾನವಾಗುತ್ತದೆ. 'ಯಾಕೆ ನಿಂತೆ' ಎಂದು ಕೇಳಿಕೊಂಡರೆ ಒಳಗೊಂದು ಕೋರ್ಟು ಕೂರುತ್ತದೆ. 'ಎಲ್ಲಿ ನಿಂತೆ, ಆಗ ಏನಿತ್ತು' ಎಂದು ಕೇಳಿ, ಒಂದು ಸಾಲು ಬರೆಯಿರಿ. ಮುರುಗಲ ಪಾನಕವೋ ಮಜ್ಜಿಗೆಯೋ ಕುಡಿಯಿರಿ, ಸ್ನಾನ ಮಾಡಿ, ಆ ದಿನದ ಕೆಲಸಕ್ಕೆ ಹೋಗಿ.

ನನ್ನ ನೋಟ್‌ಬುಕ್‌ನಲ್ಲಿ ಕಳೆದ ಸೋಮವಾರದ ಸಾಲು ಹೀಗಿದೆ: 'ಗಾಳಿಮರದ ಹತ್ತಿರ ನಿಂತೆ. ರಾತ್ರಿ ನಿದ್ದೆ ಕಡಿಮೆ, ಗಾಳಿ ಇರಲಿಲ್ಲ. ಲಾಭದಿಂದ ನಲವತ್ತರ ತನಕ ಎಣಿಸಿದ್ದೆ. ನಾಳೆ ಬಿಡುವು, ನಾಡಿದ್ದು ಐದೂವರೆಗೆ ಇಳಿತ.'